ಅಪ್ಪನ ಬೆರಳಿಗಾಗಿ ನಿಂತ ಆಟ

ವಿಡಿಯೋ ಗೇಮ್ ಅಂದರೆ ಮೂಗು ಮುರಿಯುವವರು ಬಹಳ ಜನ… ನಾನೂ ಅವರಲ್ಲೊಬ್ಬ. ಆದರೂ ಇದನ್ನು ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ಹುಬ್ಬಳ್ಳಿಯ ನಮ್ಮ ಓಣಿಯ ಗುರುಪಾದಪ್ಪ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದವರು. ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವ ಕೈ ಅವರದು.

ಹರೆಯದಲ್ಲಿ ಅದೇ ಕೈ ದುರ್ಗದಬೈಲಿನ ಹತ್ತಿರದ ಒಂದು ಗೇಮ್ ಪಾರ್ಲರ್‌ನಲ್ಲಿ ಹೆಸರು ಮಾಡಿತ್ತು. ವಿಮಾನ ಹೊಡೆದುರುಳಿಸುವ ಆಟ… ಅವರ ಸ್ಕೋರ್ ಮುರಿಯುವ ಗಂಡೇ ಇರಲಿಲ್ಲ. ಆದರೆ ಕೊನೆಯ ಸ್ಟೇಜ್ ಮಾತ್ರ ಅವರಿಗೂ ದಾಟಲು ಆಗಿರಲಿಲ್ಲ.

ಈಗ ಪಾರ್ಕಿನ್ಸನ್ ಕಾಯಿಲೆ. ಎರಡೂ ಕೈ ನಡುಗುತ್ತವೆ. ಅಂಗಡಿ ಮುಚ್ಚಿತು… ಮಾತೂ ಕಡಿಮೆಯಾಯಿತು. ಟಿವಿ ಮುಂದೆ ಕೂತವರು ಕೂತೇಬಿಟ್ಟರು.

ಮಗಳು ದಾಕ್ಷಾಯಿಣಿ ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅಪ್ಪ ಮತ್ತೆ ಮೊದಲಿನ ಹಾಗೆ ನಗಬೇಕು, ಇದೊಂದೇ ಅವಳ ಆಸೆ.

ಅವಳಿಗೊಂದು ವಿಚಿತ್ರ ಹುಚ್ಚಿದೆ… ಹಳೆಯ ವಿಡಿಯೋ ಗೇಮ್‌ಗಳನ್ನು ಟೂಲ್ ಹಿಡಿದು ಆಡುವುದು.

ಅಂದರೆ, ಆಟವನ್ನು ಕಂಪ್ಯೂಟರಿಗೆ ಹಾಕಿ, ಪರದೆಯ ಮೇಲೆ ಬದಲಾಗುವ ಒಂದೊಂದು ಚಿತ್ರಕ್ಕೂ ನಿಲ್ಲಿಸುವುದು. ಇಲ್ಲಿ ಯಾವ ಬಟನ್ ಅಂತ ಯೋಚಿಸಿ ಒತ್ತುವುದು. ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಒತ್ತುವುದು.

ಎಲ್ಲ ಮುಗಿದ ಮೇಲೆ ಒಟ್ಟಿಗೆ ಓಡಿಸಿದರೆ… ಮನುಷ್ಯರ ಕೈಯಲ್ಲಿ ಆಗದಂಥ ವೇಗ, ಒಂದೂ ತಪ್ಪಿಲ್ಲದ ಆಟ!

ಒಂದು ದಿನ ಅವಳು ಅಪ್ಪನ ಆ ಹಳೆಯ ವಿಮಾನದ ಆಟವನ್ನೇ ಹುಡುಕಿ ತಂದಳು.

"ಅಪ್ಪಾ, ಕೊನೀ ಸ್ಟೇಜ್ ದಾಟೂಣು ಬರ್ರಿ."

"ಈ ಕೈಲೇ ಏನ್ ದಾಟೂದವ್ವಾ? ಚಾದ ಕಪ್ಪ ಹಿಡಿಯಾಕ ಬರವಲ್ದು."

"ಅವಸರ ಇಲ್ರಿ. ನೀವು ಒತ್ತೂತನಾ ಆಟ ನಿಂತಿರತೈತಿ."

ಗುರುಪಾದಪ್ಪ ಅನುಮಾನದಿಂದ ನೋಡಿದರು. "ಹಂಗಾರ ಇದು ಮೋಸ ಅಲ್ಲೇನು?"

"ಟೂಲ್ ಹಿಡದು ಆಡೇವಿ ಅಂತ ಹೇಳೇ ಆನ್‌ಲೈನ್‌ನ್ಯಾಗ ಹಾಕ್ತೀವ್ರಿ. ಬರೀ ಕೈಲೆ ಆಡಿದವ್ರ ಲೆಕ್ಕಾನ ಬ್ಯಾರೆ, ನಮ್ಮದಾ ಬ್ಯಾರೆ."

ಸರಿ, ಕೂತರು. ನಡುಗುವ ಬೆರಳು ಕೀ ಹತ್ತಿರ ಹೋಗಿ, ಹಿಂದೆ ಬಂದು, ಮತ್ತೆ ಹೋಗಿ… ಕೊನೆಗೆ ಒತ್ತಿತು. ಪರದೆಯ ಮೇಲೆ ವಿಮಾನ ಕೂದಲಷ್ಟು ಸರಿಯಿತು.

ಅಷ್ಟಕ್ಕೇ ಮನುಷ್ಯನ ಮುಖ ಅರಳಿತು!

ಆಮೇಲೆ ಭಾನುವಾರ ಬಂದರೆ ಅಪ್ಪ-ಮಗಳಿಗೆ ಇದೇ ಕೆಲಸ. "ಎಡಕ್ಕ ಬ್ಯಾಡ, ಅಲ್ಲೊಂದು ಹೆಲಿಕಾಪ್ಟರ್ ಬರತೈತಿ" ಅಂತ ವಾದ, ಜಗಳ, ನಗು. ಟಿವಿ ಧೂಳು ಹಿಡಿಯಿತು.

ಇಂಥ ಆಟದವರೆಲ್ಲ ವರ್ಷಕ್ಕೊಮ್ಮೆ ಆನ್‌ಲೈನಲ್ಲಿ ಸೇರಿ ತಮ್ಮ ಆಟ ತೋರಿಸುತ್ತಾರೆ. ಇವರೂ ಕಳಿಸಬೇಕೆಂದಿದ್ದರು. ಅದರ ಕೊನೆಯ ದಿನ ಬಂದೇಬಿಟ್ಟಿತು… ಕೊನೆಯ ಸ್ಟೇಜ್ ಇನ್ನೂ ಹಾಗೇ ಇತ್ತು.

ಪ್ಲಾನ್ ಅಂತೂ ಇಬ್ಬರೂ ಸೇರಿಯೇ ಮಾಡಿದ್ದು. ಉಳಿದದ್ದು ಬಟನ್ ಒತ್ತುವುದಷ್ಟೇ. ಯಾರು ಒತ್ತಿದರೇನು ಅಂದುಕೊಂಡ ದಾಕ್ಷಾಯಿಣಿ, ಅಪ್ಪ ಮಧ್ಯಾಹ್ನ ಮಲಗಿದ್ದಾಗ ತಾನೇ ಚಕಚಕನೆ ಒತ್ತಿ ಮುಗಿಸಿದಳು.

ಅಪ್ಪ ಎದ್ದ ಕೂಡಲೇ ಹಿಗ್ಗಿನಿಂದ ತೋರಿಸಿದಳು. ಕೊನೆಯ ಶತ್ರು ವಿಮಾನ ಢಮ್ ಅಂತ ಉರುಳಿತು.

"ಛಲೋ ಆಗೇತಿ" ಅಂದವರು ಎದ್ದು ಹೋಗಿ… ಟಿವಿ ಹಚ್ಚಿದರು.

ಅವಳು ಹಿಂದೆಯೇ ಹೋದಳು. "ಅಪ್ಪಾ, ಸಿಟ್ಟಾದ್ರೇನ್ರಿ? ನಿಮಗ ತ್ರಾಸ ಆಗಬಾರದಂತ ನಾನಾ ಮುಗಿಸಿದೆ…"

ಗುರುಪಾದಪ್ಪ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನಿಂದೇನೂ ತಪ್ಪಿಲ್ಲವ್ವಾ. ಅಂಗಿ ಗುಂಡಿ ನೀ ಹಾಕ್ತಿ… ಅನ್ನ ನಿಮ್ಮವ್ವ ಕಲಸಿ ತಿನಸ್ತಾಳ. ನಾ ಕೈ ಎತ್ತೂದ್ರಾಗ ಎಲ್ಲಾ ಕೆಲಸ ಮುಗದಿರತಾವು."

ಟಿವಿಯ ದನಿ ತಗ್ಗಿಸಿದರು…

"ಈ ಜಗತ್ತಿನಾಗ ನನ್ನ ಕೈ ಬರೂತನಾ ನಿಂತಿದ್ದು ಆ ಆಟ ಒಂದಾ. ಇವತ್ತ ಅದೂ ನಿಲ್ಲಲಿಲ್ಲ ನೋಡು."

ದಾಕ್ಷಾಯಿಣಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತ ಅವಳು ನಂಬಿದ್ದಳು… ನಿಜವಾಗಿ ನೋಡಿಕೊಳ್ಳುತ್ತಲೂ ಇದ್ದಳು.

ಆಮೇಲೆ ಎದ್ದು ಕೊನೆಯ ಸ್ಟೇಜ್ ಪೂರ್ತಿ ಅಳಿಸಿ ಹಾಕಿದಳು.

"ಹುಚ್ಚಿ ಅದೀಯೇನು? ಕಳಸೂದು ತಪ್ಪತೈತಲ್ಲ!" ಅಂತ ಅಪ್ಪನೇ ಗದರಿದರು.

"ತಪ್ಪಲಿ ಬಿಡ್ರಿ. ನೀವ್ ಬರ್ರಿ."

ಆ ವರ್ಷದ ಆನ್‌ಲೈನ್ ಮೇಳ ಇವರಿಲ್ಲದೆಯೇ ನಡೆದುಹೋಯಿತು. ಯಾರೂ ಏನೂ ಕಳೆದುಕೊಳ್ಳಲಿಲ್ಲ.

ಇವರ ಆಟ ಮುಗಿಯುವಾಗ ಬೇಸಿಗೆ ಬಂದಿತ್ತು. ಕೊನೆಯ ಬಟನ್ ಒತ್ತಿದ್ದು ಗುರುಪಾದಪ್ಪ. ವಿಡಿಯೋ ಓಡಿಸಿ ನೋಡಿದರೆ ಅದರಲ್ಲಿ ಎಲ್ಲಿಯೂ ನಡುಕವಿಲ್ಲ… ಹದ್ದಿನ ಹಾಗೆ ಹಾರುವ ವಿಮಾನ ಅಷ್ಟೇ.

ಆ ಖುಷಿಗೆ ಮಗಳು ಅಪ್ಪನನ್ನು ಹೋಟೆಲಿಗೆ ಕರೆದುಕೊಂಡು ಹೋದಳು. ಭಾನುವಾರದ ಮುಂಜಾನೆ, ವಿಪರೀತ ಗದ್ದಲ. ಕುರ್ಚಿ ಖಾಲಿಯಾಗಲಿ ಅಂತ ಜನ ಬೆನ್ನ ಹಿಂದೆಯೇ ನಿಂತಿದ್ದರು.

ಗುರುಪಾದಪ್ಪ ದೋಸೆ ಮುರಿಯಲು ಹೋದರು, ಜಾರಿತು. ಮತ್ತೆ ಹಿಡಿದರು, ತುತ್ತು ಬಾಯಿಯ ಹತ್ತಿರ ಬಂದು ತಟ್ಟೆಗೆ ಬಿತ್ತು. ದಾಕ್ಷಾಯಿಣಿಯ ಕೈ ತಾನಾಗಿಯೇ ಮುಂದೆ ಹೋಯಿತು… ಅವಳು ಅದನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಹಿಂದೆ ನಿಂತವನೊಬ್ಬ ಗೊಣಗಿದ. "ಲಗೂನ ಮುಗಸ್ರಿ ಅಕ್ಕಾರ… ಆ ಹಿರ್ಯಾರಿಗೆ ನೀವಾ ತಿನಿಸಿಬಿಡಬಾರದೇನ್ರಿ?"

ಅವಳು ತಿರುಗಿ ನೋಡಿ ಸಮಾಧಾನವಾಗಿಯೇ ಹೇಳಿದಳು.

"ನಮ್ಮಪ್ಪ ತಿನ್ನಾಕತ್ತಾರ್ರಿ. ಅವರು ಮುಗಸೂತನಾ ನಾವು ಏಳಂಗಿಲ್ಲ."

ಗುರುಪಾದಪ್ಪ ತಲೆ ಎತ್ತಲಿಲ್ಲ. ಕಣ್ಣೀರು ಚಟ್ನಿಯೊಳಗೆ ಬೀಳುತ್ತಿತ್ತು… ತಮ್ಮ ಕೈಯಿಂದ ಇನ್ನೊಂದು ತುತ್ತು ಮುರಿದರು.

*ಕೈಲಾಗದವರ ಕೆಲಸ ಮಾಡಿಕೊಡುವುದು ಸುಲಭ… ಅದು ಅವರ ಕೈಯಿಂದಲೇ ಆಗುವವರೆಗೆ ಕಾಯುವುದು ಕಷ್ಟ.*

ನಿಮ್ಮ ಮನೆಯಲ್ಲಿ ಅವಸರಕ್ಕೋ, ಪ್ರೀತಿಗೋ, ನೀವು ಯಾರ ಕೈಯಿಂದ ಕೆಲಸ ಕಸಿದುಕೊಂಡಿದ್ದೀರಿ…?