ನಾಲಿಗೆ ಚಾಚಿದ ದೇವರು

ಗೊಂಬೆಯ ನಾಲಿಗೆ ಕಾಣೆಯಾಗಿತ್ತು. ಒಂದು ಕಿವಿ ನಿನ್ನೆಯೇ ಹೋಗಿತ್ತು. ರಾಜೇಶ್ವರಿ ಗೊಂಬೆಯನ್ನು ಗೂಡಿನಿಂದ ಎತ್ತಿದಳು. ಮುರಿದ ಜಾಗ ಒದ್ದೆಯಾಗಿತ್ತು. ಎಂಜಲು. ಹೇಸಿಗೆಯಿಂದ ಕೈಯನ್ನು ಗೋಡೆಗೆ ಒರೆಸಿದಳು.

ಹಡಗಿನಲ್ಲಿ ಅಡುಗೆ ಮಾಡುವ ಅಣ್ಣ ಪರಶು ಈಜಿಪ್ತಿನಿಂದ ತಂದುಕೊಟ್ಟ ಕೆಂಪು ಮಣ್ಣಿನ ದೇವರು ಅದು. ಪುರಾತನ ಮೂರ್ತಿಯ ನಕಲು. ಸರಿಯಾಗಿ ಸುಟ್ಟದ್ದೂ ಅಲ್ಲ. ಕುಳ್ಳ ಮೈ, ಸೊಟ್ಟ ಕಾಲು, ಪೊದೆಗಡ್ಡ.

"ಬೆಸ್ ಅಂತ ಹೆಸರು. ಬಸರಿ ಹೆಂಗಸರನ್ನ, ಕೂಸುಗಳನ್ನ ಕಾಯತೈತಿ ಅಂತ ಹಿಂದಕ ಅಲ್ಲಿ ಮನಿಮನ್ಯಾಗ ಇಡತಿದ್ರಂತ," ಎಂದಿದ್ದ. ಆರು ತಿಂಗಳ ಬಸುರಿಯಾಗಿದ್ದ ರಾಜೇಶ್ವರಿ ಅದನ್ನು ನಡುಮನೆಯ ಗೋಡೆಗೂಡಿನಲ್ಲಿಟ್ಟಿದ್ದಳು.

ಅತ್ತೆ ಶೇಖವ್ವನಿಗೆ ಅದನ್ನು ಕಂಡರಾಗದು. "ಅದರ ಮಾರಿ ನೋಡಿದ್ರ ಹೊಟ್ಟಿ ತೊಳಸತೈತಿ," ಎಂದು ಉಣ್ಣುವ ತಾಟು ಸರಿಸಿ ಹಿತ್ತಲಿಗೆ ಓಡುವಳು. ಕಾರಿಕೊಳ್ಳುವ ಸದ್ದು ಒಳಗಿದ್ದ ಅವಳ ಗಂಡ, ಮಗನ ಊಟವನ್ನೂ ಕೆಡಿಸುತ್ತಿತ್ತು. ಹದಿನಾರಕ್ಕೇ ರಾಜೇಶ್ವರಿಯ ಗಂಡ ಮುತ್ತಣ್ಣನನ್ನು ಹೆತ್ತವಳು. ಹೊಳೆಆಲೂರಿನ ಸಂತೆಯಲ್ಲಿ ಅತ್ತೆಸೊಸೆಯರನ್ನು ಅಕ್ಕತಂಗಿಯರೆಂದವರೂ ಉಂಟು. ಈಗ ಇಬ್ಬರ ನಡುವೆ ಮಾತೇ ನಿಂತಿತ್ತು.

ಮುತ್ತಣ್ಣ ಇಲಿಬೋನು ಇಟ್ಟ. ಇಲಿ ಬೀಳಲಿಲ್ಲ. ಗೊಂಬೆಯ ಗಡ್ಡ ಮಾತ್ರ ಹೋಯಿತು.

"ನೀನ ತಿನ್ನಾಕತ್ತಿಯೇನು? ಬಸರಾಗ ಮಣ್ಣ ತಿನ್ನೂ ಚಟ ಇರತೈತಂತ," ಎಂದು ಹೆಂಡತಿಯನ್ನು ನೋಡಿ ನಕ್ಕ.

ರಾಜೇಶ್ವರಿಗೆ ಮೈಯುರಿಯಿತು. ಗೊಂಬೆಯನ್ನು ಹಾಳುಗೆಡವುತ್ತಿರುವುದು ಯಾರೆಂದು ಅವಳಿಗೆ ಅನುಮಾನವೇ ಉಳಿದಿರಲಿಲ್ಲ. "ನಿಮ್ಮವ್ವಗ ನನ್ನ ತವರಿನ ಸಾಮಾನ ಕಂಡ್ರನ ಹೇಸಿಕಿ. ಇಂಥಾ ಮನ್ಯಾಗ ನಾ ಹಡಿಯಂಗಿಲ್ಲ. ನಾಳೆ ತವರಿಗೆ, ಇಟಗಿಗೆ ಹೊಂಡತೀನಿ."

ಶೇಖವ್ವ ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು.

ಮರುದಿನ ಬಟ್ಟೆ ಗಂಟು ಕಟ್ಟುವಾಗ ಗೂಡು ಖಾಲಿಯಾಗಿತ್ತು. ರಾಜೇಶ್ವರಿ ನೇರ ಹಿತ್ತಲಿಗೆ ನಡೆದಳು. ಜೋಳದ ಕಣಿಕೆ ಬಣವೆಯ ಹಿಂದೆ ಶೇಖವ್ವ ಕುಕ್ಕರುಗಾಲಲ್ಲಿ ಕೂತಿದ್ದಳು. ದವಡೆ ಆಡುತ್ತಿತ್ತು. ಗಲ್ಲದ ಮೇಲೆ ಕೆಂಪು ಜೊಲ್ಲು ಇಳಿದು ಸೀರೆಗೆ ತೊಟ್ಟಿಕ್ಕುತ್ತಿತ್ತು. ಮಡಿಲಲ್ಲಿ ತಲೆಯಿಲ್ಲದ ದೇವರು.

ರಾಜೇಶ್ವರಿ ಬಣವೆ ಹಿಡಿದು ನಿಂತಳು. "ಥೂ, ಏನ ಹೊಲಸು ಇದು? ನನ್ನ ಮ್ಯಾಲಿನ ಸಿಟ್ಟಿಗೆ ಮಣ್ಣ ತಿಂತೀರೇನ್ರಿ, ಅತ್ತಿ?"

ಶೇಖವ್ವ ಬಾಯಲ್ಲಿದ್ದುದನ್ನು ನುಂಗಿದಳು. ಸೆರಗಿನಿಂದ ಗಲ್ಲ ಒರೆಸಿಕೊಂಡಳು. ಸೊಸೆಯ ಮುಖ ನೋಡದೆ, ಅವಳಿಗಷ್ಟೇ ಕೇಳುವಂತೆ ಹೇಳಿದಳು:

"ಬೆಳೆದ ಮಗನ ಮುಂದ ಹ್ಯಾಂಗ ಹೇಳ್ಲಿ ಯವ್ವಾ... ನನಗೂ ನಾಕ ತಿಂಗಳ."