ನಲವತ್ತೊಂದನೇ ಬೊಗಸೆ

ಬೆಳಿಗ್ಗೆ ಎಂಟಕ್ಕೆ ಅಂಗೈ ಊರಿ ತೆವಳುತ್ತಾ ಹಿತ್ತಲಿಗೆ ಬಂದ ಮಾಲತೇಶನಿಗೆ ಡ್ರಮ್ಮಿನ ನೀರಿನಲ್ಲಿ ಮತ್ತೆರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುವುದು ಕಂಡಿತು. ಚಹಾ ಸೋಸುವ ಜರಡಿಯಿಂದ ಅವನ್ನು ಎತ್ತಿ, ಅವ್ವ ಒಳಗಿಂದ ಬರುವಷ್ಟರಲ್ಲಿ ಕರಿಬೇವಿನ ಬುಡದಲ್ಲಿ ಹುಗಿದ. ಇಪ್ಪತ್ತೈದು ಮರಿಗಳಲ್ಲಿ ಈಗ ಉಳಿದಿದ್ದು ನಾಲ್ಕು. ಸತ್ತ ಇಪ್ಪತ್ತೊಂದರ ಸುದ್ದಿ ಅವ್ವನಿಗೆ ಗೊತ್ತಿಲ್ಲ. ಎರಡು ವರ್ಷದ ಮೇಲೆ ಮಗ ಒಂದು ಕೆಲಸ ಹಿಡಿದನೆಂದು ಅನ್ನವ್ವ ಓಣಿ ತುಂಬ ಹೇಳಿಕೊಂಡು ಬಂದಿದ್ದಳು. ಅವಳ ಆ ಮುಖ ನೋಡಿದ ಮೇಲೆ ಹೇಳುವ ಧೈರ್ಯ ಯಾರಿಗೆ ಬಂದೀತು?

ಸವಣೂರಿನ ವೀಳ್ಯದೆಲೆ ತೋಟದಲ್ಲಿ ಏಣಿಯಿಂದ ಬಿದ್ದ ದಿನದಿಂದ ಅವನ ಸೊಂಟದ ಕೆಳಗೆ ಜೀವವಿರಲಿಲ್ಲ. ಎಲೆ ಕೊಯ್ಯುವ ಕೈಗಳು ಮಾತ್ರ ಗಟ್ಟಿ ಉಳಿದಿದ್ದವು. ಕುಳಿತಲ್ಲೇ ಮಾಡಬಹುದಾದ ಕೆಲಸವೆಂದು ಗೆಳೆಯ ದಾದಾಪೀರ ಇದನ್ನು ಕಲಿಸಿದ್ದ. ಡ್ರಮ್ಮಿನಲ್ಲಿ ಮೀನು, ಪಕ್ಕದ ತೊಟ್ಟಿಯಲ್ಲಿ ಮಣ್ಣಿಲ್ಲದೆ ಬರೀ ಕಲ್ಲು, ಆ ಕಲ್ಲಿನಲ್ಲಿ ಮೆಂತ್ಯ, ಪಾಲಕ. ಮೀನಿನ ಹೊಲಸು ನೀರನ್ನು ಸಣ್ಣ ಮೋಟರು ಕಲ್ಲಿಗೆ ಏರಿಸುತ್ತದೆ. ಬೇರು ಅದನ್ನು ಉಂಡ ಮೇಲೆ ನೀರು ತಿಳಿಯಾಗಿ ಮತ್ತೆ ಮೀನಿಗೇ ಇಳಿಯುತ್ತದೆ. "ಮೀನಿನ ಉಚ್ಚಿಯೊಳಗ ಮೆಂತ್ಯಾ ಬೆಳಿತಾನಂತ!" ಎಂದು ಓಣಿಯವರು ನಕ್ಕಿದ್ದರು. ಈ ಮರಿಗಳು ಬದುಕಿದರೆ ದೊಡ್ಡ ತೊಟ್ಟಿ ಕಟ್ಟಿ, ಸೊಪ್ಪು ಮಾರಿ, ಅವ್ವನನ್ನು ಕೂಲಿಯಿಂದ ಬಿಡಿಸಬೇಕೆಂಬುದು ಅವನ ಆಸೆ. ಈಗ ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಗಿತ್ತು.

ಅಂದು ಮಧ್ಯಾಹ್ನ ದಾದಾಪೀರ ಶಿಗ್ಗಾಂವಿಯಿಂದ ಬಂದ. ಡ್ರಮ್ಮಿನ ನೀರು ಮೂಸಿ ಮುಖ ಕಿವುಚಿದ. ತೊಟ್ಟಿಯ ಕಲ್ಲಿನೊಳಗೆ ಕೈ ತೂರಿಸಿ ತೆಗೆದರೆ, ಹುಳಿತ ಗಂಜಿಯಂಥ ಮುದ್ದೆಯೊಂದು ಕೈಗೆ ಬಂತು.

"ಇದು ಮಂಡಕ್ಕಿ. ಯಾರು ಹಾಕಾಕತ್ತಾರೋ?"

"ನಾನಂತೂ ನೀ ಹೇಳಿದಷ್ಟ ಹಾಕ್ತೇನಿ, ಒಂದ ಚಿಟಿಕಿ ಮೀನಿನ ಕಾಳು."

"ತಿಂದು ಉಳಿದಿದ್ದು ಕೊಳತು ನೀರು ವಿಷ ಆಗೇತಿ. ಇನ್ನ ಮೂರು ದಿನ ಒಂದ ಕಾಳೂ ಬೀಳಬಾರದು. ಬಿದ್ರ ಈ ನಾಕೂ ಹೋದಂಗ ತಿಳಿ."

ಓಣಿಯ ಯಾರೋ ಕಿಡಿಗೇಡಿಗಳದೇ ಕೆಲಸ ಎಂದುಕೊಂಡ ಮಾಲತೇಶ ಮರುದಿನ ನಸುಕಿನಲ್ಲೇ ಹಿತ್ತಲ ಬಾಗಿಲ ಮರೆಯಲ್ಲಿ ಬಡಿಗೆ ಹಿಡಿದು ಕುಳಿತ. ಸಿಕ್ಕವರ ಕೈ ಮುರಿಯುವಷ್ಟು ಸಿಟ್ಟಿತ್ತು. ಬಂದವಳು ಅನ್ನವ್ವ. ತಲೆ ಮೇಲೆ ತಣ್ಣೀರು ಹೊಯ್ದುಕೊಂಡು, ಒದ್ದೆ ಕೂದಲ ಮೇಲೆ ಸೆರಗು ಹೊದ್ದು, ಬೊಗಸೆ ತುಂಬ ಮಂಡಕ್ಕಿ ತಂದಿದ್ದಳು. ಡ್ರಮ್ಮಿಗೆ ಸುರಿದು ಕೈಮುಗಿದಳು.

"ನಲವತ್ತು ಆತು, ನಮ್ಮಪ್ಪಾ. ಇನ್ನೊಂದ ದಿನ."

"ಅವ್ವಾ!"

ಅವಳು ಬೆಚ್ಚಿ ತಿರುಗಿದಳು. ಮಗನನ್ನು ನೋಡಿ ನಾಚಿಕೆಯಿಂದ ನಕ್ಕಳು. "ಹರಕಿ, ತಮ್ಮಾ. ನೀ ನಗ್ತಿ ಅಂತ ಹೇಳಿರಲಿಲ್ಲ. ಮೈಮ್ಯಾಲ ದೇವರು ಬರ್ತೈತಲ್ಲ, ಆ ಚೌಡವ್ವ ಹೇಳ್ಯಾಳ. ನಲವತ್ತೊಂದ ದಿನ ನನ್ನ ಕೈಯಾರೆ ಮೀನಿಗೆ ಮಂಡಕ್ಕಿ ಹಾಕಿದ್ರ ನೀ ಎದ್ದು ಅಡ್ಡಾಡ್ತಿ ಅಂತ. ದಿನಾ ವರದಾ ಹೊಳಿಗೆ ಹೆಂಗ ಹೋಗ್ಲಿ ಅಂತ ಚಿಂತಿ ಆಗಿತ್ತು. ಅಷ್ಟರಾಗ ನೀನ ಮೀನು ತಂದಿ. ದೇವರೇ ಇವನ್ನ ಮನಿತನಕ ಕಳಿಸ್ಯಾನ ಅಂದುಕೊಂಡೆ. ಒಂದ ದಿನ ತಪ್ಪಿದ್ರ ಮತ್ತ ಮೊದಲಿಂದ ಹಿಡೀಬೇಕು, ನೋಡು."

ಮಾಲತೇಶ ಬಡಿಗೆಯನ್ನು ಮೆಲ್ಲಗೆ ಬಾಗಿಲ ಹಿಂದೆ ಸರಿಸಿದ.

ಅನ್ನವ್ವ ಡ್ರಮ್ಮಿಗೆ ಬಗ್ಗಿದಳು. "ಮೀನು ಯಾಕೋ ಕಡಿಮಿ ಕಾಣ್ತಾವಲ್ಲೋ?"

ಹೇಳಿಬಿಡಬಹುದಿತ್ತು. ನಿನ್ನ ಮಂಡಕ್ಕಿಯೇ ಅವನ್ನು ಕೊಂದಿತು ಎಂದರೆ ಆಗುತ್ತಿತ್ತು, ನಾಳೆಯ ಬೊಗಸೆ ನಿಲ್ಲುತ್ತಿತ್ತು. ಮೊದಲ ಮೀನು ಸತ್ತ ದಿನವೇ ಬಚ್ಚಿಡದೆ ಅವಳಿಗೆ ತೋರಿಸಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲವೇನೋ. ಕಾಲು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಇಬ್ಬರೂ ಒಟ್ಟಿಗೇ ಕೇಳಿಸಿಕೊಂಡಿದ್ದರು. ಅವಳೊಬ್ಬಳು ಅದನ್ನು ನಂಬಿರಲಿಲ್ಲ, ಅಷ್ಟೇ. ನಲವತ್ತು ನಸುಕು ತಣ್ಣೀರು ಹೊಯ್ದುಕೊಂಡ ಆ ಜೀವಕ್ಕೆ ಇನ್ನು ಒಂದೇ ಒಂದು ದಿನ ಬಾಕಿಯಿತ್ತು.

"ತಳಕ್ಕ ಮಲಗ್ಯಾವ, ಅವ್ವಾ," ಎಂದ.

ಅವಳು ಕೂಲಿಗೆ ಹೋದ ಮೇಲೆ ಜರಡಿಯಿಂದ ಮಂಡಕ್ಕಿ ಬಾಚಿದ, ಕುಳಿತಲ್ಲೇ ತಂಬಿಗೆ ತಂಬಿಗೆಯಾಗಿ ನೀರು ಬದಲಿಸಿದ. ತೋಳು ಸೋತುಹೋದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಲ್ಲ ವ್ಯರ್ಥವಾಯಿತು. ಸಂಜೆಗೆ ನಾಲ್ಕೂ ಮೇಲೆ ಬಂದು ಬಾಯಿ ಬಿಡತೊಡಗಿದವು. ಬೆಳಕು ಹರಿಯುವ ಮೊದಲೇ ಕರಿಬೇವಿನ ಬುಡದಲ್ಲಿ ಇನ್ನೊಂದು ಗುಂಡಿ ತೋಡಬೇಕಾಯಿತು.

ನಲವತ್ತೊಂದನೇ ದಿನ ಅನ್ನವ್ವ ಹಣೆಗೆ ದೇವರ ಅರಿಶಿನದ ಭಂಡಾರ ಹಚ್ಚಿಕೊಂಡು ಬಂದಳು. ಬೊಗಸೆ ಸುರಿದಳು. ಮಂಡಕ್ಕಿ ನೀರ ಮೇಲೆ ಬೆಳ್ಳಗೆ ಹರಡಿ ಹಾಗೆಯೇ ನಿಂತಿತು.

"ಇವತ್ತ ಯಾಕೋ ತಿನ್ನಾಕ ಮ್ಯಾಲ ಬರವಲ್ಲವು."

"ಹೊಟ್ಟಿ ತುಂಬೈತಿ, ಅವ್ವಾ."

ಅವಳು ತಲೆಯಾಡಿಸಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೊಸ್ತಿಲ ಮೇಲೆ ಕುಳಿತಿದ್ದ ಮಗನ ಮುಂದೆ ಬಂದು ಎರಡೂ ಕೈ ಚಾಚಿದಳು.

"ಹರಕಿ ಮುಗೀತು, ತಮ್ಮಾ. ಏಳು, ಎದ್ದು ನಿಂದರು."