ಹಳಿ ಕೀಳುವ ಪಾಳಿ

ವಾಡಿ ಸ್ಟೇಷನ್ನಿನಿಂದ ಕೊನೆಯ ರೈಲು ಹೊರಟು ನಿಂತಿತ್ತು. ಬಿಸಿಲಿಗೆ ಬದುಕಲಾಗದ ಸೀಮೆಯಿಂದ ದೂರದ ತಂಪು ನಾಡಿಗೆ ಎಳೆಮಕ್ಕಳಿದ್ದ ಮನೆಯವರಿಗಷ್ಟೇ ಟಿಕೆಟ್ಟು. ರೈಲು ಹೋದಮೇಲೆ, ಬೆನ್ನಿಗೆ ಇನ್ಯಾರೂ ಬರದ ಹಾಗೆ ಹಳಿ ಕೀಳುವುದು ಉಳಿದ ಮುದುಕರ ಪಾಳಿ.

ಮಡಿವಾಳಪ್ಪ ಮಗಳ ಗಂಟುಮೂಟೆಯನ್ನೆಲ್ಲ ಏರಿಸಿದ. ಅವನ ಹೆಂಡತಿ ನೀಲಮ್ಮ ರೊಟ್ಟಿಯ ಬುತ್ತಿಯನ್ನು ಕಿಟಕಿಯೊಳಗೆ ತುರುಕಿ, "ಮೊದಲು ಹುಡುಗರಿಗೆ ಕೊಡು," ಎಂದಳು.

"ಮುತ್ಯಾ, ನಾ ಹೊಂಟೆ!" ಮೊಮ್ಮಗಳು ಕೈ ಬೀಸಿದಳು.

"ಹೊಂಟೆ ಅನಬಾರ್ದವ್ವಾ. ಹೋಗಿ ಬರ್ತೀನಿ ಅನಬೇಕು," ಎಂದು ಮಡಿವಾಳಪ್ಪ ಎಂದಿನಂತೆ ತಿದ್ದಿದ.

"ಹೋಗಿ ಬರ್ತೀನಿ ಮುತ್ಯಾ!"

"ಹೂಂ, ಬಾ ನನ್ನವ್ವಾ."

ಕೊನೆಯ ಬೋಗಿ ತಿರುವಿನಲ್ಲಿ ಮರೆಯಾಯಿತು. ಹಳಿಯ ನಡುಕ ನಿಲ್ಲುವ ಮೊದಲೇ ಮಡಿವಾಳಪ್ಪ ಅದರಡಿಗೆ ಹಾರೆ ತೂರಿಸಿದ. ನೀಲಮ್ಮ ಸೆರಗು ಬಿಗಿದು ಕೈಜೋಡಿಸಿದಳು.